ಟ್ಯಾಂಕಿನ ಪಕ್ಕದ ಡಬ್ಬಿ

ಚಾಮರಾಜಪೇಟೆಯ ಹಳೇ ಕಾಲೇಜೊಂದರ ತಾರಸಿ ಮೇಲೆ ಹವಾಮಾನ ಸಂಶೋಧಕಿ ಶರಣ್ಯಳ ಯಂತ್ರ ಕೂತಿತ್ತು. ಕಣ್ಣಿಗೆ ಕಾಣದ ಲೇಸರ್ ಬೆಳಕನ್ನು ಅದು ನೆಟ್ಟಗೆ ಆಕಾಶಕ್ಕೆ ಬಿಡುತ್ತಿತ್ತು. ಎರಡು ಬಗೆಯ ಬೆಳಕು. ಒಂದನ್ನು ಗಾಳಿಯಲ್ಲಿರುವ ನೀರಾವಿ ಹೀರಿಕೊಳ್ಳುತ್ತದೆ, ಇನ್ನೊಂದನ್ನು ಮುಟ್ಟುವುದಿಲ್ಲ. ಚದುರಿ ವಾಪಸು ಬಂದ ಎರಡನ್ನೂ ಹೋಲಿಸಿದರೆ ಯಾವ ಎತ್ತರದಲ್ಲಿ ಎಷ್ಟು ಆವಿ ಇದೆ ಅಂತ ತಿಳಿಯುತ್ತದೆ. ಆದರೆ ತೀರಾ ಹತ್ತಿರದ ಗಾಳಿ, ಮನೆ ಮರಗಳ ಮಟ್ಟದ್ದು, ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಹಿಂದಿನ ಗಲ್ಲಿಯ ಯಾವುದಾದರೂ ಮನೆ ಮೇಲೆ ತೇವ ಅಳೆಯುವ ಪುಟ್ಟ ಡಬ್ಬಿಯೊಂದನ್ನು ಕಟ್ಟಬೇಕಾಗಿ ಬಂತು.

ಕೇಳಿದ ಮನೆಯವರೆಲ್ಲ ಆಗಲ್ಲ ಅಂದರು. ಕೊನೆಗೆ, ಮಹಡಿ ಮೇಲೆ ಬಾಡಿಗೆಗಿದ್ದ ರುದ್ರಾಣಿ ಬಾಗಿಲು ತೆಗೆದಳು. ಬ್ಲೌಸು, ಚೂಡಿದಾರ ಹೊಲಿಯುವ ಹೆಂಗಸು. ಕೊರಳಲ್ಲಿ ಟೇಪು ನೇತಾಡುತ್ತಿತ್ತು.

"ಕರೆಂಟು ಹೊಡಿಯುತ್ತಾ?"

"ಇಲ್ಲ, ಬ್ಯಾಟರಿ. ಗಾಳೀಲಿ ಎಷ್ಟು ನೀರಿದೆ ಅಂತ ನೋಡುತ್ತೆ, ಅಷ್ಟೇ."

"ಗಾಳೀಲಿದ್ದು ಏನು ಬಂತು, ನಲ್ಲೀಲಿ ಇಲ್ವಲ್ಲ!" ರುದ್ರಾಣಿ ನಕ್ಕಳು. "ಟ್ಯಾಂಕಿನ ಪಕ್ಕ ಕಟ್ಟಿ. ಓನರಿಗೆ ನಾನು ಹೇಳ್ತೀನಿ."

ಡಬ್ಬಿಯೊಳಗಿನ ಮಾಹಿತಿ ತರಲು ಶರಣ್ಯ ವಾರಕ್ಕೊಮ್ಮೆ ಹೋಗಬೇಕಿತ್ತು. ಹೋದಾಗೆಲ್ಲ ಕಾಫಿ. ಮಿಷನ್ನು ತುಳಿಯುತ್ತಲೇ ರುದ್ರಾಣಿ ಗಲ್ಲಿಯ ಸುದ್ದಿಯೆಲ್ಲ ಹೇಳುವಳು.

"ಮನೇಲಿ ಯಾರ್ಯಾರಿದೀರಿ?" ಅಂತ ಒಮ್ಮೆ ಕೇಳಿದಳು.

"ನಾನೇ," ಅಂದಳು ಶರಣ್ಯ.

ರುದ್ರಾಣಿ ಮುಂದೆ ಕೆದಕಲಿಲ್ಲ, ಇನ್ನೊಂದು ಲೋಟ ಕಾಫಿ ಬಗ್ಗಿಸಿದಳು. ಗಂಡನಿಂದ ಬೇರೆಯಾದ ಮೇಲೆ ಶರಣ್ಯ ಶೇಷಾದ್ರಿಪುರಂನಲ್ಲಿ ಒಬ್ಬಳೇ ಇದ್ದಳು. ತಾರಸಿ ಮೇಲೂ ಒಬ್ಬಳೇ. ಮೇಲಧಿಕಾರಿ ವಿಶ್ವಾರಾಧ್ಯರು ಎಲ್ಲವನ್ನೂ ಇ-ಮೇಲ್‌ನಲ್ಲೇ ಮುಗಿಸುವವರು. ಆಟೋದವರನ್ನು ಬಿಟ್ಟರೆ ಅವಳು ಬಾಯಿಬಿಟ್ಟು ಮಾತಾಡುತ್ತಿದ್ದುದು ಈ ಮನೆಯಲ್ಲಿ ಮಾತ್ರ.

ದೀಪಾವಳಿ ಕಳೆದ ಮೇಲೆ ವಿಶ್ವಾರಾಧ್ಯರು ಸಿಮ್ ಇರುವ ಹೊಸ ಡಬ್ಬಿ ಕಳಿಸಿದರು. ಮಾಹಿತಿ ತಾನಾಗಿಯೇ ಕಂಪ್ಯೂಟರಿಗೆ ಬರುತ್ತದೆ, ಇನ್ನು ನಿಮಗೆ ಅಲೆದಾಟ ತಪ್ಪಿತು ಅಂತ ಬರೆದಿದ್ದರು.

"ಹಂಗಾದ್ರೆ ಇನ್ನು ಬರಲ್ವಾ?" ಡಬ್ಬಿ ಬದಲಿಸಿದ ದಿನ ರುದ್ರಾಣಿ ಕೇಳಿದಳು.

"ಕೆಟ್ಟರೆ ಬರ್ತೀನಿ."

"ಕೆಡ್ಲಿ ಬಿಡಿ ಹಾಗಾದ್ರೆ!"

ಇಬ್ಬರೂ ನಕ್ಕರು. ಫೋನ್ ನಂಬರ್ ಕೇಳಬೇಕು ಅಂತ ಶರಣ್ಯಳಿಗೆ ಅನ್ನಿಸಿತು. ಯಾವ ನೆಪ ಹೇಳಿ ಕೇಳುವುದು ಅಂತ ತಿಳಿಯದೆ ಮೆಟ್ಟಿಲು ಇಳಿದಳು.

ಡಬ್ಬಿ ಕೆಡಲೇ ಇಲ್ಲ. ಫೆಬ್ರವರಿ ಕೊನೆಯಲ್ಲಿ ಗಾಳಿ ಒಣಗಿ ತುಟಿ ಒಡೆಯುವಂತಾಗಿತ್ತು, ಲೇಸರೂ ಮೇಲೆ ಅದನ್ನೇ ತೋರಿಸುತ್ತಿತ್ತು. ಆದರೆ ಒಂದು ಬೆಳಿಗ್ಗೆ ಡಬ್ಬಿಯ ಗೆರೆ ಮಳೆಗಾಲದ ಹಾಗೆ ಸರ್ರನೆ ಮೇಲೇರಿತು, ಮಧ್ಯಾಹ್ನದ ಹೊತ್ತಿಗೆ ಇಳಿಯಿತು. ಮಾರನೇ ದಿನವೂ ಅದೇ. ಒದ್ದೆ ಬಟ್ಟೆ! ಡಬ್ಬಿ ಮೇಲೆ ಯಾರೋ ಒದ್ದೆ ಬಟ್ಟೆ ಹರವುತ್ತಿದ್ದಾರೆ. ಯಾರೋ ಏನು, ರುದ್ರಾಣಿಯೇ. ತನ್ನನ್ನು ಕರೆಸಿಕೊಳ್ಳೋಕೆ ಹೀಗೆ ಮಾಡ್ತಿದ್ದಾಳೆ ಅಂದುಕೊಂಡು ಶರಣ್ಯ ಪರದೆ ಮುಂದೆ ಒಬ್ಬಳೇ ನಕ್ಕಳು. ದಾರಿಯಲ್ಲಿ ಕೋಡುಬಳೆ ಕಟ್ಟಿಸಿಕೊಂಡು ಹೋದಳು.

ಬಾಗಿಲು ತೆಗೆದದ್ದು ಕಂಕುಳಲ್ಲಿ ಕೂಸಿದ್ದ ಬೇರೊಬ್ಬ ಹುಡುಗಿ, ರಕ್ಷಿತಾ ಅಂತ.

"ಟೈಲರ್ ಆಂಟಿನಾ? ಅವರು ಸಂಕ್ರಾಂತಿಗೇ ಖಾಲಿ ಮಾಡ್ಕೊಂಡು ಹೋದ್ರು."

ತಾರಸಿಯಲ್ಲಿ ಡಬ್ಬಿಯನ್ನು ಮುಚ್ಚುವಂತೆ ಬೆಡ್‌ಶೀಟು ಹರವಿತ್ತು, ಸುತ್ತ ಕೂಸಿನ ಬಟ್ಟೆ.

"ಅಯ್ಯೋ, ಇದು ಕೇಬಲ್‌ನವರದು ಅನ್ಕೊಂಡಿದ್ವಿ," ಅಂತ ರಕ್ಷಿತಾ ನಾಚಿದಳು.

ಶರಣ್ಯ ಅವಳ ಜೊತೆ ಹಗ್ಗವನ್ನು ಆಚೆ ಕಟ್ಟಿದಳು. ಕೋಡುಬಳೆ ಪೊಟ್ಟಣ ಅವಳ ಕೈಗೇ ಕೊಟ್ಟು, ರುದ್ರಾಣಿಯ ನಂಬರ್ ಇಸಕೊಂಡು, ಗಲ್ಲಿಯಲ್ಲೇ ನಿಂತು ಫೋನ್ ಮಾಡಿದಳು.

"ಯಾವ ಶರಣ್ಯ?"

"ಟ್ಯಾಂಕಿನ ಪಕ್ಕ ಡಬ್ಬಿ..."

"ಓ, ನೀವಾ! ಚೆನ್ನಾಗಿದೀರಾ? ನಾನೀಗ ಕುಮಾರ ಪಾರ್ಕಲ್ಲಿ ಅಂಗಡಿ ಹಾಕಿದೀನಿ, ಮೇನ್ ರೋಡಲ್ಲೇ. ಕಸ್ಟಮರ್ ಬಂದ್ರು, ಇಡ್ಲಾ?"

ಕುಮಾರ ಪಾರ್ಕ್ ಅಂದರೆ ಶರಣ್ಯಳ ಮನೆಯ ಪಕ್ಕವೇ. ಅದನ್ನು ಹೇಳುವಷ್ಟರಲ್ಲಿ ಫೋನ್ ಕಟ್ ಆಗಿತ್ತು.

ಭಾನುವಾರ ಅವಳು ಕುರ್ತಾಗೆ ಒಂದು ಬಟ್ಟೆ ಹಿಡಿದು ನಡೆದೇ ಹೋದಳು. ಅಂಗಡಿ ತುಂಬ ಜನ. "ಬನ್ನಿ ಮೇಡಂ, ಬನ್ನಿ," ಅಂತ ರುದ್ರಾಣಿ ಮುಖ ಅರಳಿಸಿ, ಎಳೆದು ನಿಲ್ಲಿಸಿ, ಬೆನ್ನಿಗೂ ತೋಳಿಗೂ ಟೇಪು ಹಿಡಿದಳು. ಹಿಡಿಯುತ್ತಲೇ ಅವಳ ಹೆಗಲ ಮೇಲಿಂದ ಇನ್ನೊಬ್ಬರ ಜೊತೆ ಲೈನಿಂಗ್ ಬಟ್ಟೆಯ ವಿಷಯ ಮಾತಾಡುತ್ತಿದ್ದಳು. ಬೆಡ್‌ಶೀಟಿನ ಕತೆ ಹೇಳಿ ನಗಿಸಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು ಶರಣ್ಯ. ಅಷ್ಟರಲ್ಲಿ ಮುಂದಿನವರು ಮೇಜಿನ ಮೇಲೆ ಸೀರೆ ಬಿಚ್ಚಿದ್ದರು.

"ಗುರುವಾರ ಬನ್ನಿ, ರೆಡಿ ಇಟ್ಟಿರ್ತೀನಿ. ಊಟ ಆಯ್ತಾ?"

"ಆಯ್ತು," ಅಂದಳು. ಆಗಿರಲಿಲ್ಲ.

ಬಿಸಿಲಲ್ಲಿ ಮನೆ ಕಡೆ ನಡೆಯುತ್ತ, ಗುರುವಾರ ಬರುವಾಗ ಹೊಲಿಸೋಕೆ ಇನ್ನೊಂದು ಬಟ್ಟೆ ತರಬೇಕು ಅಂದುಕೊಂಡಳು. ಮನೆಯಲ್ಲಿ ಇನ್ನು ಯಾವುದೂ ಇರಲಿಲ್ಲ. ಅಷ್ಟರೊಳಗೆ ಕೊಳ್ಳಬೇಕಿತ್ತು.