ಹತ್ತೊಂಬತ್ತನೇ ಕಂತಿನ ಸಾಕ್ಷಿ

ಅರವತ್ನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ. ಅಂಥ ನನ್ನನ್ನು ಮೊನ್ನೆ ಭಾನುವಾರ ಹೈದರಾಬಾದಿನ ಮಾದಾಪುರದ ಒಂದು ಕಟ್ಟಡದ ಮೂರನೇ ಮಹಡಿಗೆ ಸಾಕ್ಷಿ ಹೇಳಲು ಕರೆದುಕೊಂಡು ಹೋದರು. ಕೊಲೆಯಲ್ಲ, ಆಸ್ತಿಯಲ್ಲ. ಇಲ್ಮಾ ಎಂಬ ಹೆಣ್ಣುಮಗಳಿಗೆ ಕತ್ತಲಲ್ಲಿ ಕಣ್ಣು ಕಾಣುತ್ತದೆಯೋ ಇಲ್ಲವೋ ಎಂಬುದು ಕೇಸು. ಇಲ್ಮಾ ಯಾವ ಊರಿನವಳು ಎಂದು ಕೇಳಬೇಡಿ. ಅವಳು 'ತಾರಾದ್ವೀಪ' ಎಂಬ ಸೀರಿಯಲ್ಲಿನಲ್ಲಿ ಆಕಾಶದ ಹಡಗು ನಡೆಸುವವಳು. ಕರೆದುಕೊಂಡು ಹೋದವಳು ನನ್ನ ಮಗಳು ಭಾಗ್ಯಶ್ರೀ. ಅವಳಿಗೆ ಮೂವತ್ತೊಂದು ವರ್ಷ, ಕಂಪನಿಯಲ್ಲಿ ಕೈಕೆಳಗೆ ಹನ್ನೆರಡು ಜನ ಇದ್ದಾರೆ, ಇಲ್ಮಾಳ ಮಾತು ಬಂದರೆ ಮಾತ್ರ ಇವತ್ತಿಗೂ ಅವಳಿಗೆ ಒಂಬತ್ತೇ ವರ್ಷ.

ತಾರಾದ್ವೀಪ ನೋಡದವರಿಗೆ ಇಷ್ಟು ಸಾಕು. ಅಲ್ಲಿ ಜ್ಯೋತಿಧರರು ಎಂಬ ಒಂದು ಕುಲವಿದೆ. ಅವರು ನಕ್ಷತ್ರದ ಬೆಳಕನ್ನು ಮುಷ್ಟಿಯಲ್ಲಿ ಹಿಡಿದಿಡಬಲ್ಲರು. ಆ ಬೆಳಕಿನಿಂದಲೇ ಹಡಗು ಓಡಿಸುತ್ತಾರೆ, ಅದನ್ನೇ ಭರ್ಜಿಯಂತೆ ಎಸೆದು ವೈರಿಯನ್ನು ಕೆಡವುತ್ತಾರೆ. ಇಲ್ಮಾ ಅವರೆಲ್ಲರಿಗಿಂತ ಜೋರು. ಇಪ್ಪತ್ತೆರಡು ವರ್ಷದ ಹಿಂದೆ ಇದು ಹಿಂದಿಯಲ್ಲಿ ಭಾನುವಾರ ಸಂಜೆ ಏಳಕ್ಕೆ ಬರುತ್ತಿತ್ತು. ಆಮೇಲೆ ಪುಸ್ತಕಗಳು ಬಂದವು, ಮೂರು ವರ್ಷದ ಹಿಂದೆ ಸಿನಿಮಾ ಬಂತು, ಅದರ ಬೆನ್ನಿಗೆ ಜಗಳವೂ ಬಂತು. ಮುಷ್ಟಿ ಬರಿದಾದ ಜ್ಯೋತಿಧರರಿಗೆ ಬೇರೆ ಯಾವ ಶಕ್ತಿಯೂ ಇಲ್ಲ, ಕತ್ತಲಲ್ಲಿ ಅವರು ನಮ್ಮ ನಿಮ್ಮಂತೆ ಕುರುಡರು ಎಂದು ಪುಸ್ತಕ ಹೇಳುತ್ತದೆ. ಸಿನಿಮಾದಲ್ಲಿ ಮಾತ್ರ ಇಲ್ಮಾ ಬರಿಮುಷ್ಟಿಯಲ್ಲಿ, ಗವ್ವೆನ್ನುವ ಕತ್ತಲಲ್ಲಿ, ಒಂದು ಕಂಬಕ್ಕೂ ತಾಗದೆ ತನ್ನ ಹಡಗಿನಲ್ಲೆಲ್ಲ ಓಡಾಡಿ ಬೇಕಾದ್ದನ್ನು ಎತ್ತಿಕೊಂಡು ಬರುತ್ತಾಳೆ. ಎರಡೂ ಅಧಿಕೃತವಂತೆ.

ಹೈದರಾಬಾದಿನಲ್ಲಿ ಇದರ ಅಭಿಮಾನಿಗಳದ್ದೊಂದು ಬಳಗವಿದೆ, ಎಂಬತ್ತು ಜನ. ಅಭಿಮಾನಿಗಳೆಂದರೆ ಬ್ಯಾನರು ಕಟ್ಟುವವರು ಎಂದುಕೊಂಡಿದ್ದೆ. ಇವರು ವಕೀಲರಿಗಿಂತ ಕಡೆ. ಎಲ್ಲಿಯಾದರೂ ಎರಡು ಮಾತು ತಾಳೆಯಾಗದಿದ್ದರೆ ಯಾವುದನ್ನು ನಂಬಬೇಕೆಂದು ತೀರ್ಪು ಕೊಡಲು ಮೂವರ ಒಂದು ಮಂಡಳಿಯನ್ನೇ ಮಾಡಿಕೊಂಡಿದ್ದಾರೆ. ಅದರಲ್ಲಿ ಒಂದು ಜಾಗ ಖಾಲಿಯಾಗಿತ್ತು. ಅದಕ್ಕೆ ನನ್ನ ಮಗಳೂ, ರಾಯಚೂರು ಕಡೆಯ ಚೇತನಕುಮಾರ ಎಂಬ ಹುಡುಗನೂ ನಿಂತಿದ್ದರು. ಇಲ್ಮಾಳ ಕಣ್ಣಿನ ವಿಷಯ ಇಬ್ಬರೂ ವಾದಿಸಬೇಕು, ಆಮೇಲೆ ಸಭೆ ಮತ ಹಾಕಬೇಕು. ಇಲ್ಮಾಗೆ ಕತ್ತಲದೃಷ್ಟಿ ಮೊದಲಿನಿಂದಲೂ ಇದೆ ಎಂಬುದು ಭಾಗ್ಯಶ್ರೀಯ ಪಕ್ಷ. ಇಲ್ಲವೇ ಇಲ್ಲ, ಸಿನಿಮಾದವರು ಪುಸ್ತಕ ಓದದೆ ತಪ್ಪು ಮಾಡಿದ್ದಾರೆ ಎಂಬುದು ಚೇತನಕುಮಾರನ ಪಕ್ಷ.

ಮಗಳ ಕೈಯಲ್ಲಿದ್ದ ದೊಡ್ಡ ಆಧಾರ ಹತ್ತೊಂಬತ್ತನೇ ಕಂತು, ಇಲ್ಮಾಳ ಹಡಗು ಕತ್ತಲಾದ ಕಂತು. ಆ ಕಂತು ಈಗ ಎಲ್ಲಿಯೂ ಸಿಗುವುದಿಲ್ಲ, ಅದರ ಮೂಲ ಟೇಪೇ ಹಾಳಾಗಿದೆಯಂತೆ. ಹೀಗೆ ಕಳೆದುಹೋದ ಕಂತುಗಳಿಗೆ, ಅಂದು ಟೀವಿಯಲ್ಲಿ ಕಣ್ಣಾರೆ ನೋಡಿದವರ ಸಾಕ್ಷಿಯನ್ನು ಬಳಗ ಒಪ್ಪುತ್ತದೆ. ಹತ್ತೊಂಬತ್ತನ್ನು ನೋಡಿದವರು ಇಡೀ ಬಳಗದಲ್ಲಿ ಯಾರೂ ಇರಲಿಲ್ಲ. ನೋಡಿದವನು ಒಬ್ಬನೇ, ಅದು ನಾನು ಎಂದು ನನ್ನ ಮಗಳು ಇಪ್ಪತ್ತೆರಡು ವರ್ಷದಿಂದ ನಂಬಿದ್ದಳು.

ನಾನು ಆ ಕಂತನ್ನು ನೋಡಿರಲಿಲ್ಲ.

ಆಗ ನಾವು ಭಾಲ್ಕಿ ಹತ್ತಿರದ ಹಳ್ಳಿಯಲ್ಲಿದ್ದೆವು. ನಾನು ಅಲ್ಲಿಯ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್. ಆ ವರ್ಷ ಎರಡು ತಿಂಗಳು ಭಾನುವಾರವೂ ಬಿಡದೆ ದಿನಾ ಸಂಜೆ ಏಳರಿಂದ ಒಂಬತ್ತರವರೆಗೆ ನಮ್ಮೂರಿಗೆ ಲೋಡ್‌ಶೆಡ್ಡಿಂಗ್. ಮೇಲಿನವರು ಫೋನಿನಲ್ಲಿ ಹೇಳಿದ ಕೂಡಲೇ ಕರೆಂಟು ತೆಗೆಯುತ್ತಿದ್ದವನು ನಾನೇ. ಇಲ್ಮಾ ಪರದೆಯ ಮೇಲೆ ಕಾಲಿಟ್ಟಳೋ ಇಲ್ಲವೋ, ಅಪ್ಪ ಸ್ವಿಚ್ ಎಳೆದ. ಮಗಳು ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ನಾಲ್ಕನೇ ದಿನ ತಡೆಯಲಾರದೆ ಒಂದು ಸುಳ್ಳು ಹೇಳಿದೆ. ಸ್ಟೇಷನ್ನಿನೊಳಗೆ ಕರೆಂಟು ಹೋಗುವುದಿಲ್ಲ, ಅಲ್ಲೊಂದು ಸಣ್ಣ ಟೀವಿ ಇದೆ, ನಾನು ನೋಡಿ ಬಂದು ನಿನಗೆ ಹೇಳುತ್ತೇನೆ ಎಂದೆ. ಆಮೇಲೆ ಪ್ರತಿ ಸೋಮವಾರ ಬೆಳಿಗ್ಗೆ, ಅವಳು ಜಡೆ ಹಾಕಿಸಿಕೊಳ್ಳುವಾಗ, ಬಾಯಿಗೆ ಬಂದಂತೆ ಒಂದು ಕಂತು ಕಟ್ಟಿ ಹೇಳುತ್ತಿದ್ದೆ. ಹೀಗೆ ಆರು ಕಂತು. ಹೆಂಡತಿ ಗಿರಿಜಾಬಾಯಿ ಜಡೆ ಹೆಣೆಯುತ್ತ, ಆ ಮುಗಿಲಿನ ಹುಚ್ಚಾಟ ಸಾಕು, ಸಾಲಿಗೆ ಹೊತ್ತಾಯಿತು ಎಂದು ಇಬ್ಬರನ್ನೂ ಬೈಯುತ್ತಿದ್ದಳು.

ಮೊನ್ನೆ ಗಚ್ಚಿಬೌಲಿಯ ಮಗಳ ಮನೆಯಿಂದ ಕ್ಯಾಬ್ ಹತ್ತುವಾಗಲೂ ಗಿರಿಜಾಬಾಯಿ, ಸಾಕ್ಷಿದಾರರು ಊಟಕ್ಕೆ ಬರುತ್ತೀರೋ, ಜೈಲಿಗೆ ಹೋಗುತ್ತೀರೋ ಎಂದು ಕಾಲೆಳೆದಳು. ನನಗೆ ನಗು ಬರಲಿಲ್ಲ. ದಾರಿಯುದ್ದಕ್ಕೂ ನಿಜ ಹೇಳಿಬಿಡಬೇಕು ಎಂದುಕೊಂಡೆ. ಮಗಳು ಕಾಗದಗಳನ್ನು ಮಡಿಲಲ್ಲಿ ಹರಡಿಕೊಂಡು, ಇವತ್ತು ಅವನ ಸೊಕ್ಕು ಮುರಿಯುತ್ತೇನೆ ಅಪ್ಪಾ ಎನ್ನುತ್ತಿದ್ದಳು. ಅವಳ ಕಣ್ಣಿನ ಹೊಳಪು ನೋಡಿ ನಾನು ಕಿಟಕಿಯ ಕಡೆ ತಿರುಗಿ ಕೂತೆ. ನನ್ನ ಮಾನ ಹೋದರೆ ಹೋಗಲಿ, ಅಪ್ಪ ಹೇಳಿದ್ದು ನಿಜ ಎಂಬ ಅವಳ ನಂಬಿಕೆ ಎಂಬತ್ತು ಜನರ ಎದುರು ಹೋಗಬಾರದು ಎಂಬುದೊಂದೇ ನನಗಿದ್ದ ಹೆದರಿಕೆ.

ಸಭೆಯ ಗದ್ದಲ ಕೇಳಬೇಕಿತ್ತು. ಹಿಂದಿ, ತೆಲುಗು, ಇಂಗ್ಲಿಷು ಒಂದರ ಮೇಲೊಂದು ಬಿದ್ದು ಓಡುತ್ತಿದ್ದವು. ಚೇತನಕುಮಾರ ಪುಸ್ತಕದ ಪುಟಗಳ ನಂಬರು ಹೇಳಿ ಹೇಳಿ ಬಡಿದ. ಕತ್ತಲದೃಷ್ಟಿ ಇದ್ದಿದ್ದರೆ ಏಳನೇ ಕಂತಿನಲ್ಲಿ ಇಲ್ಮಾ ಗುಹೆಯಲ್ಲಿ ಎಡವಿ ಬಿದ್ದು ಕಾಲು ಮುರಿದುಕೊಂಡದ್ದೇಕೆ ಎಂದು ಕೇಳಿದ. ಅರ್ಧ ಸಭೆ ಮೇಜು ಕುಟ್ಟಿತು. ಅವಳಿಗೆ ಆಗ ಹದಿನಾಲ್ಕೇ ವರ್ಷ, ಶಕ್ತಿ ಇನ್ನೂ ಬಲಿತಿರಲಿಲ್ಲ ಎಂದು ನನ್ನ ಮಗಳು ತಿರುಗಿ ಕೊಟ್ಟಳು. ಉಳಿದರ್ಧ ಸಭೆ ಕುಟ್ಟಿತು. ನನಗೇ ರೋಮಾಂಚನವಾಗಿ ಕುರ್ಚಿಯ ತುದಿಗೆ ಬಂದು ಕೂತಿದ್ದೆ. ಅಷ್ಟರಲ್ಲಿ ಅವಳು ಕೈ ಎತ್ತಿ, ಹತ್ತೊಂಬತ್ತನೇ ಕಂತು ನೋಡಿದವರು ಇಲ್ಲೇ ಇದ್ದಾರೆ ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು.

ಎದ್ದು ನಿಂತೆ. ಹಿಂದಿಯಲ್ಲಿ ನಿಧಾನಕ್ಕೆ ಶುರುಮಾಡಿದೆ. ದ್ವೀಪಗಳಿಗೆಲ್ಲ ಬೆಳಕು ಕೊಡುವ ದೊಡ್ಡ ಕನ್ನಡಿ ಒಡೆಯಿತು, ಎಲ್ಲರಿಗೂ ಸಾಲುವಷ್ಟು ಬೆಳಕಿಲ್ಲ, ಆಗ ಇಲ್ಮಾ ತನ್ನ ಹಡಗಿನ ಬೆಳಕನ್ನೇ ತೆಗೆದು ಬೇರೆಯವರಿಗೆ ಕೊಟ್ಟಳು ಎಂದೆ. ಸಭೆ ಉಸಿರು ಹಿಡಿದು ಕೇಳುತ್ತಿತ್ತು. ಅಷ್ಟಕ್ಕೆ ನಿಲ್ಲಿಸಿದ್ದರೆ ಉಳಿದುಕೊಳ್ಳುತ್ತಿದ್ದೆನೋ ಏನೋ. ಕೇಳುವವರು ಸಿಕ್ಕರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಉತ್ತರದ ದ್ವೀಪಗಳಿಗೆ ಎರಡು ತಾಸು, ದಕ್ಷಿಣಕ್ಕೆ ಎರಡು ತಾಸು, ಪಾಳಿ ಪ್ರಕಾರ ಎಂದೆ. ಹಗಲೆಲ್ಲ ಸಿಂಗಲ್ ಫೇಜ್, ರಾತ್ರಿ ಹನ್ನೊಂದರ ಮೇಲೆ ಮೂರು ಫೇಜ್, ನೀರು ಹಾಯಿಸುವವರಿಗೆ ಅನುಕೂಲವಾಗಲಿ ಎಂದು, ಎಂದೂ ಹೇಳಿಬಿಟ್ಟೆ.

ಚೇತನಕುಮಾರ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಕಾಕಾ, ತಾರಾದ್ವೀಪದಾಗ ಪಂಪ್‌ಸೆಟ್ ಅದಾವೇನ್ರಿ?" ಎಂದು ಕನ್ನಡದಲ್ಲೇ ಕೇಳಿದ.

ಕನ್ನಡ ಬಲ್ಲ ನಾಲ್ಕು ಜನ ಮೊದಲು ನಕ್ಕರು, ಅವರು ಪಕ್ಕದವರಿಗೆ ಹೇಳಿದರು, ನಗು ಕೋಣೆ ತುಂಬಾ ಹರಡಿತು. ಭಾಗ್ಯಶ್ರೀ ನಗಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ನಾನು ಸಬ್‌ಸ್ಟೇಷನ್ ಆಪರೇಟರ್ ಆಗಿದ್ದೆ, ಅಲ್ಲಿ ಟೀವಿ ಇರಲಿಲ್ಲ, ಆ ಕಂತು ನಾನು ನೋಡಿಲ್ಲ, ಮಗಳ ಸಿಟ್ಟು ಇಳಿಸಲು ಕಟ್ಟಿ ಹೇಳಿದ್ದು ಎಂದು ಒಪ್ಪಿಕೊಂಡೆ. ತಪ್ಪು ನನ್ನದು, ಅವಳು ಒಂದಕ್ಷರವೂ ಸುಳ್ಳಾಡಿಲ್ಲ ಎಂದು ಕೈಮುಗಿದೆ. ಅಷ್ಟು ನಾಚಿಕೆ ನನಗೆ ಬದುಕಿನಲ್ಲಿ ಎಂದೂ ಆಗಿರಲಿಲ್ಲ.

ಮಗಳು ಕಾಗದಗಳನ್ನು ಮೇಜಿನ ಮೇಲಿಟ್ಟು ನನ್ನ ಹತ್ತಿರ ಬಂದಳು. ಮುಖ ಕೆಂಪಾಗಿತ್ತು. ಎಲ್ಲರೆದುರು ಬೈದರೂ ಸರಿ, ಬೈಸಿಕೊಳ್ಳಲು ತಯಾರಾಗಿದ್ದೆ.

"ಹಡಗಿನಾಗ ಬೆಳಕು ತಗದದ್ದು ನೀವು ಹೇಳಿದ್ದು, ಒಪ್ಪಿದೆ. ಆಮ್ಯಾಲ ಅಕೀ ಕತ್ತಲದಾಗ ಅಡ್ಡಾಡಿ ನೀರು, ಔಷಧ, ಹಗ್ಗ ಎಲ್ಲಾ ತಂದು ಗಾಯ ಆದವ್ರನ್ನ ಉಳಿಸಿದ್ಲಲ್ಲ, ಅದೂ ನಿಮ್ದೇನು?"

ನಾನು ತಲೆ ಕೆರೆದುಕೊಂಡೆ. ನನ್ನ ಕಥೆಯಲ್ಲಿ ಅದು ಇರಲೇ ಇಲ್ಲ. ನನ್ನ ಇಲ್ಮಾ ಬೆಳಕು ತೆಗೆದವಳು ಎರಡು ತಾಸು ಸುಮ್ಮನೆ ಕೂತಿದ್ದಳು, ಹೊತ್ತಾದ ಮೇಲೆ ಎದ್ದು ಬೆಳಕು ಹಾಕಿದಳು, ಅಷ್ಟೇ. ಹಾಗೆಂದು ಹೇಳಿದೆ.

ಚೇತನಕುಮಾರನ ಕಿವಿ ನೆಟ್ಟಗಾಯಿತು. ಪುಸ್ತಕದಲ್ಲೂ ಇಂಥದ್ದಿಲ್ಲ, ಸಿನಿಮಾದಲ್ಲೂ ಗಾಯಾಳುಗಳಿಲ್ಲ, ಹಾಗಾದರೆ ಇದು ಎಲ್ಲಿಂದ ಬಂತು ಎಂದು ಅವನೂ ಎದ್ದು ಬಂದ. ಭಾಗ್ಯಶ್ರೀ ಹಣೆ ಒತ್ತಿಕೊಂಡು ನೆನಪು ಮಾಡಿಕೊಂಡಳು. ಆ ಸೋಮವಾರ ಬೆಳಿಗ್ಗೆ ನನ್ನ ಜಾಗಕ್ಕೆ ಬರಬೇಕಾದ ಲಿಂಗಣ್ಣ ಬಂದಿರಲಿಲ್ಲ, ನಾನು ಎರಡು ಪಾಳಿ ಮಾಡಿ ರಾತ್ರಿ ಮನೆ ಸೇರಿದ್ದೆ. ಅದಕ್ಕೂ ಮೊದಲು, ಸಂಜೆ ಕರೆಂಟು ಹೋದ ಮೇಲೆ, ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅಳುತ್ತಿದ್ದಳಂತೆ. ಆಗ ಅವ್ವ, ನಿಮ್ಮಪ್ಪ ಲೈನ್‌ಮನ್ ಕೈಯಲ್ಲಿ ಹೇಳಿ ಕಳಿಸಿದ್ದಾರೆ ಎಂದು ಶುರುಮಾಡಿ ಈ ಭಾಗ ಹೇಳಿದಳಂತೆ. ಆಮೇಲೆ ನಾನು ಬಂದು ಹೇಳಿದ್ದೂ ಇದೂ ಅವಳ ನೆನಪಿನಲ್ಲಿ ಒಂದೇ ಕಂತಾಗಿ ಕೂಡಿಕೊಂಡಿದ್ದವು.

ನಾನು ಯಾರ ಕೈಯಲ್ಲೂ ಏನೂ ಹೇಳಿ ಕಳಿಸಿರಲಿಲ್ಲ.

ಒಂದು ಗಳಿಗೆ ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿದೆವು. ಮುಗಿಲಿನ ಹುಚ್ಚಾಟ ಎಂದು ಬೈಯುವ ಗಿರಿಜಾಬಾಯಿ, ಪರದೆ ಕಡೆ ಬೆನ್ನು ತಿರುಗಿಸಿ ಕೂರುವ ಗಿರಿಜಾಬಾಯಿ. ಫೋನ್ ಮಾಡಿರಿ, ಫೋನ್ ಮಾಡಿರಿ ಎಂದು ಸಭೆಯೆಲ್ಲ ಎದ್ದು ನಮ್ಮ ಸುತ್ತ ನೆರೆಯಿತು. ಮತದ ನೆನಪು ಯಾರಿಗೂ ಇರಲಿಲ್ಲ. ಭಾಗ್ಯಶ್ರೀ ಫೋನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದಳು. ಆ ಕಡೆ ಕುಕ್ಕರು ಕೂಗುವ ಸದ್ದು ಬಂತು.

ಮಗಳು ವಿಷಯ ಕೇಳಿದಳು. ಗಿರಿಜಾಬಾಯಿ, ನೀನು ಅಳುತ್ತಿದ್ದೆ, ಮತ್ತೇನು ಮಾಡಬೇಕಿತ್ತು ಎಂದು ನಮಗೇ ಗದರಿದಳು. ಚೇತನಕುಮಾರನಿಗೆ ತಡೆಯಲಾಗಲಿಲ್ಲ. ಫೋನಿನ ಮೇಲೆ ಬಾಗಿ, ಪರೀಕ್ಷೆಗೆ ಕೂತ ಹುಡುಗನ ದನಿಯಲ್ಲಿ ಕೇಳಿದ.

"ಅಮ್ಮಾರ, ಇಲ್ಮಾಗ ಕತ್ತಲದಾಗ ಕಣ್ಣು ಕಾಣ್ತಿದ್ವೇನ್ರಿ?"

"ಕಣ್ಣು ಯಾಕ ಕಾಣಬೇಕಪಾ? ಹಡಗ ಅಕೀದು, ಸಾಮಾನ ಇಟ್ಟಾಕಿ ಅಕೀ. ಯಾವ್ದು ಎಲ್ಲೈತಿ ಅಂತ ಇಟ್ಟ ಕೈಗೆ ಗೊತ್ತಿರಂಗಿಲ್ಲೇನು? ಇವ್ರು ದಿನಾ ಕರೆಂಟ್ ತಗೀತಿದ್ರು. ಎರಡು ತಾಸು ನಾ ಕೈ ಕಟ್ಟಿ ಕುಂತಿದ್ರ ಇವ್ರ ಮನ್ಯಾಗ ಯಾರು ಉಣ್ತಿದ್ರು?"

ಬ್ಯಾಳಿ ಸೀಯುತ್ತದೆ ಎಂದು ಹೇಳಿ ಫೋನು ಇಟ್ಟಳು.

ಮೊದಲು ಅರ್ಥ ಮಾಡಿಕೊಂಡವನು ಚೇತನಕುಮಾರನೇ. ಪುಸ್ತಕ ತೆಗೆದ, ಮುಚ್ಚಿದ, ಮತ್ತೆ ತೆಗೆದ. ಗುಹೆ ಅವಳದ್ದಲ್ಲ, ಅದಕ್ಕೆ ಎಡವಿದಳು. ಹಡಗು ಅವಳದ್ದು, ಅದಕ್ಕೆ ಎಡವಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಪುಸ್ತಕವೂ ಸರಿ, ಸಿನಿಮಾವೂ ಸರಿ ಎಂದು ಆಮೇಲೆ ಕೂಗಿ ಹೇಳಿದ. ಮೂರು ವರ್ಷ ಜಗಳವಾಡಿದ ಎರಡು ಪಕ್ಷದವರೂ ಒಟ್ಟಿಗೆ ಮೇಜು ಕುಟ್ಟಿದರು. ಮೇಜಿನ ಮೇಲಿದ್ದ ಚಹಾದ ಕಪ್ಪುಗಳು ಉರುಳಿದವು. ಆಮೇಲೆ ಮತ ಹಾಕಿದರು, ಹನ್ನೊಂದು ಮತಗಳ ಅಂತರದಿಂದ ಚೇತನಕುಮಾರ ಗೆದ್ದ. ಸುಳ್ಳು ಸಾಕ್ಷಿ ತಂದವಳಿಗೆ ಅಷ್ಟು ಮತ ಬಿದ್ದದ್ದೇ ಹೆಚ್ಚು. ಇಲ್ಮಾಗೆ ಕತ್ತಲದೃಷ್ಟಿ ಇಲ್ಲ, ಅವಳಿಗೆ ಅದರ ಅಗತ್ಯವೂ ಇಲ್ಲ ಎಂಬುದು ಅವನು ಅಲ್ಲೇ ನಿಂತು ಕೊಟ್ಟ ಮೊದಲ ತೀರ್ಪು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನನ್ನ ಮಗಳು.

ಅವಳು ನನ್ನ ಮೇಲೆ ಸಿಟ್ಟಾಗಲಿಲ್ಲ. ಆರು ಕಂತನ್ನೂ ಇವತ್ತೇ ಮೊದಲಿನಿಂದ ಹೇಳಬೇಕು, ಯಾವುದು ನಿಮ್ಮದು ಯಾವುದು ಅವ್ವನದು ಎಂದು ಬರೆದಿಡುತ್ತೇನೆ ಎಂದು ಹುರುಪಿನಲ್ಲಿ ಕುಣಿಯುತ್ತಿದ್ದಳು. ನನ್ನ ಹೆದರಿಕೆ ಹೋಗಿತ್ತು. ಮೈ ಹಗುರಾಗಿ ನಾನೂ ನಗುತ್ತ ಮೆಟ್ಟಿಲು ಇಳಿಯುತ್ತಿದ್ದೆ. ಎರಡನೇ ಮಹಡಿಯ ತಿರುವಿನಲ್ಲಿ ಅವಳು ನಿಂತಳು.

"ಅಪ್ಪಾ, ನಿಮ್ಮ ಕಥಿಯೊಳಗ ಇಲ್ಮಾ ಎರಡು ತಾಸು ಸುಮ್ಮನ ಕುಂತಿದ್ಲು ಅಂದ್ರಿ. ನೀವು ಕರೆಂಟ್ ತಗದಾಗ ಅವ್ವ ಏನು ಮಾಡ್ತಿದ್ಲು ಅಂತ ನಿಮಗ ಗೊತ್ತೇ ಇರ್ಲಿಲ್ಲೇನು?"

ಕೇಳಿದ್ದರಲ್ಲಿ ಕೊಂಕಿರಲಿಲ್ಲ. ಅವಳಿಗೆ ನಿಜಕ್ಕೂ ತಿಳಿದುಕೊಳ್ಳಬೇಕಿತ್ತು. ಮೂವತ್ತೈದು ವರ್ಷ ಸಾವಿರಾರು ಮನೆಗಳ ಬೆಳಕು ತೆಗೆದು ಹಾಕಿದ್ದೇನೆ, ಎಷ್ಟು ಹೊತ್ತಿಗೆ ತೆಗೆದೆ ಎಷ್ಟು ಹೊತ್ತಿಗೆ ಹಾಕಿದೆ ಎಂದು ನಿಮಿಷ ತಪ್ಪದೆ ಬರೆದಿಟ್ಟಿದ್ದೇನೆ. ನಡುವಿನ ಎರಡು ತಾಸಿನಲ್ಲಿ ನನ್ನ ಮನೆಯಲ್ಲಿ ಏನಾಗುತ್ತಿತ್ತು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಇವತ್ತು ಸಾಕ್ಷಿ ಹೇಳಲು ಬಂದವನು ಒಂದಾದರೂ ನಿಜ ಹೇಳಬೇಕಲ್ಲ. ಇರಲಿಲ್ಲ ಮಗಳೇ, ಗೊತ್ತಿರಲಿಲ್ಲ ಎಂದೆ.