ಬಣ್ಣ ತಿರುಗಿದ ಮಂಗಳವಾರ

ಟಿವಿಯ ಕಾರ್ಟೂನಿನಲ್ಲಿ ಕಳ್ಳಬೆಕ್ಕು ಅಣಬೆ ನುಂಗಿದ್ದೇ ತಡ, ಪರದೆಯೆಲ್ಲ ಸುಳಿಸುಳಿಯಾಗಿ ತಿರುಗತೊಡಗಿತು. ನೇರಳೆ, ಹಸಿರು, ಕಿತ್ತಳೆ ಒಂದರೊಳಗೊಂದು ನುಗ್ಗಿ ಪಟಪಟನೆ ಮಿನುಗಿದವು. ಎಂಟು ವರ್ಷದ ಗಂಗಾಂಬಿಕಾಳ ನಗು ಅರ್ಧಕ್ಕೇ ನಿಂತಿತು. ಕಣ್ಣುಗುಡ್ಡೆ ಮೇಲಕ್ಕೆ ಸರಿದು, ಕುಳಿತಲ್ಲೇ ಪಕ್ಕಕ್ಕೆ ಉರುಳಿ ಕಂಬಕ್ಕೆ ತಲೆ ಬಡಿದುಕೊಂಡಳು. ಮೈಯೆಲ್ಲ ನಡುಗತೊಡಗಿತು.

"ಅಮ್ಮ ಬಂದ್ಳು!" ಎಂದು ಜಗಲಿಯಲ್ಲಿ ಕಾಯುತ್ತಿದ್ದ ಹೆಂಗಸರು ಕೈಮುಗಿದುಕೊಂಡೇ ಒಳನುಗ್ಗಿದರು.

ಅಜ್ಜಿ ಓಬಳಮ್ಮ ಬೇವಿನ ಸೊಪ್ಪು, ಅರಿಶಿನದ ನೀರು ಹಿಡಿದು ಸಿದ್ಧವಾಗೇ ಇದ್ದಳು. ಇದು ಮೂರನೇ ಸಲ. ಮೊದಲೆರಡು ಸಲವೂ ಮಂಗಳವಾರವೇ, ಇದೇ ಕಾರ್ಟೂನೇ. ಮಾರಮ್ಮನಿಗೆ ಬಣ್ಣವೆಂದರೆ ಇಷ್ಟ ಎಂದು ಊರಿಗೆಲ್ಲ ಹೇಳಿ, ಇವತ್ತು ಟಿವಿ ಹಾಕಿದವಳೂ ಅವಳೇ.

ಕ್ಯಾತಗಾನಚೆರ್ಲಿನಲ್ಲಿ ಮೂವತ್ತು ವರ್ಷ ಮಾರಮ್ಮ ಬರುತ್ತಿದ್ದದ್ದು ಓಬಳಮ್ಮನ ಮೈಮೇಲೆ. ಮದುವೆಗೆ, ಬೋರ್‌ವೆಲ್‌ಗೆ, ಕೊನೆಗೆ ಸೋಲಾರ್ ಪಾರ್ಕ್‌ಗೆ ಜಮೀನು ಕೊಡುವುದಕ್ಕೂ ಅವಳ ಬಾಯಿಂದಲೇ ಅಪ್ಪಣೆಯಾಗಬೇಕಿತ್ತು. ನಾಲ್ಕು ವರ್ಷದಿಂದ ಎಷ್ಟು ತಮಟೆ ಬಡಿದರೂ ಅಮ್ಮ ಬಂದಿರಲಿಲ್ಲ. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಬರುಬರುತ್ತಾ ಈ ಹೊಸಿಲು ತುಳಿಯುವುದನ್ನೇ ಬಿಟ್ಟರು. ಅದು ಓಬಳಮ್ಮನನ್ನು ಒಳಗೊಳಗೇ ಕೊರೆದಿತ್ತು.

ಅಡುಗೆಮನೆಯಿಂದ ಓಡಿಬಂದ ಸೊಸೆ ಶ್ರೀಲತಾ ಟಿವಿ ಆರಿಸಿ, ಮಗಳನ್ನು ಮಗ್ಗುಲಾಗಿ ಮಲಗಿಸಿದಳು.

"ಬುಡಿ ಅತ್ತೆ ಮಗೀನ! ಇದು ಫಿಟ್ಸು. ಪಾವಗಡದ ಆಸ್ಪತ್ರೆಗೆ ಕರ್ಕೊಂಡೋಗಾನ."

"ಫಿಟ್ಸಂತೆ! ಅಂಗಾರೆ ಮೂವತ್ತು ವರ್ಷ ನಂಗೆ ಬಂದಿದ್ದೂ ಫಿಟ್ಸೇನೆ?"

ಮಗು ನಾಲಿಗೆ ಕಚ್ಚಿಕೊಂಡಿತ್ತು. ಶ್ರೀಲತಾ ರಕ್ತ ಒರೆಸುತ್ತಿದ್ದಳು.

ಪಕ್ಕದ ಬೀದಿಯ ಗಂಗಲಕ್ಷ್ಮಮ್ಮ ಮುಂದೆ ಬಂದು ಮಂಡಿಯೂರಿದಳು. "ತಾಯೀ, ನನ್ ಮಗ್ಳು ಬಸುರಾಗೋದು ಯಾವಾಗ? ಹೇಳವ್ವಾ."

ಗಂಗಾಂಬಿಕಾಳ ನಡುಕ ನಿಂತಿತು. ತುಂಬಾ ಹೊತ್ತಾದ ಮೇಲೆ ಕಣ್ಣು ಬಿಟ್ಟು, ಸುತ್ತ ನೆರೆದವರನ್ನು ನೋಡಿ, ಲಂಗ ತಡವಿಕೊಂಡಳು.

"ಅಜ್ಜೀ, ನಾನು ಉಚ್ಚೆ ಹೊಯ್ಕೊಂಡ್ನಾ? ಎಲ್ಲಾರೂ ನೋಡ್ಬುಟ್ರಾ?"

ಓಬಳಮ್ಮ ಬೇವಿನ ಸೊಪ್ಪು ಕೆಳಗಿಟ್ಟಳು. ಕೆಂಡ ತುಳಿಸಿದಾಗಲೂ ಮಾರಮ್ಮ ಅವಳನ್ನು ಒಂದು ದಿನವೂ ಕೆಡವಿರಲಿಲ್ಲ, ಗಾಯ ಮಾಡಿರಲಿಲ್ಲ, ನಾಲ್ಕು ಜನರೆದುರು ಮಾನ ಕಳೆದಿರಲಿಲ್ಲ. ದೇವರು ಬಂದ ಮೈ ಹೇಗಿರುತ್ತದೆಂದು ಈ ಊರಿನಲ್ಲಿ ಅವಳಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಇದು ಅದಲ್ಲವೆಂದು ಮೊದಲ ಮಂಗಳವಾರವೇ ತಿಳಿದಿತ್ತು. ಬಾಗಿಲಿಗೆ ಮತ್ತೆ ಜನ ಬಂದರಲ್ಲ ಎಂಬ ಆಸೆಗೆ ಬಿದ್ದು ಬಾಯಿ ಮುಚ್ಚಿಕೊಂಡಿದ್ದಳು. ಈಗ ಅವಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಅಮ್ಮ ಅಲ್ಲ ಕಣ್ರಮ್ಮ," ಎಂದಳು. "ಅಮ್ಮ ಬಂದ್ರೆ ಮೈ ಕುಣೀತೈತೆ, ಇಂಗೆ ಬೀಳಲ್ಲ. ನಂಗೊತ್ತಿತ್ತು. ಗೊತ್ತಿದ್ದೂ ಸುಳ್ಳೇಳ್ದೆ."

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಹುಡುಕತೊಡಗಿದರು. ಶ್ರೀಲತಾ ಅತ್ತೆಯ ಮುಖವನ್ನೊಮ್ಮೆ ನೋಡಿ, ಆಟೋ ಕರೆಯಲು ಓಡಿದಳು.

ಗಂಗಲಕ್ಷ್ಮಮ್ಮ ಮಾತ್ರ ಎದ್ದಿರಲಿಲ್ಲ.

"ಇಂಗಂದ್ರೆ ಹೆಂಗೆ ಓಬಳಕ್ಕ? ಒಂದೇ ಒಂದು ಮಾತು ಹೇಳಿಸ್ಬುಡು," ಎನ್ನುತ್ತಾ ಮಗುವಿನ ಕಾಲಿಗೆ ಹಣೆ ಮುಟ್ಟಿಸಲು ಬಾಗಿದಳು.

ಓಬಳಮ್ಮ ಮೊಮ್ಮಗಳನ್ನು ಮಡಿಲಿಗೆಳೆದುಕೊಂಡು, ಆ ಎರಡು ಪಾದಗಳನ್ನೂ ತನ್ನ ಸೆರಗಿನೊಳಗೆ ಮುಚ್ಚಿಕೊಂಡಳು.