ಟೈಪಿಸ್ಟಮ್ಮ ಟೈಪು ಮಾಡದ ಕಾಗದ

ಪ್ರಾರ್ಥನಾ ಮಂದಿರದ ಕಚೇರಿಗೆ ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದು ಎಷ್ಟೋ ವರ್ಷವಾಗಿತ್ತು. ಆದರೂ ಎಲ್ಲರ ಬಾಯಲ್ಲಿ ಅವಳು ಟೈಪಿಸ್ಟಮ್ಮನೇ. ಇಪ್ಪತ್ತಮೂರು ವರ್ಷದಿಂದ ಅದೇ ಕಿಟಕಿ, ಅದೇ ಕುರ್ಚಿ. ಮದುವೆಯ ಪ್ರಮಾಣಪತ್ರ, ಸಭೆಯ ನಡಾವಳಿ, ಮಕ್ಕಳ ತರಗತಿಯ ಹಾಜರಿ ಪಟ್ಟಿ, ಹಿರಿಯ ಗುರುಗಳ ಪ್ರವಚನ, ಹೀಗೆ ಮಂದಿರದಲ್ಲಿ ಕಾಗದಕ್ಕಿಳಿಯುವ ಮಾತೆಲ್ಲ ಅವಳ ಬೆರಳಿಂದಲೇ ಇಳಿಯಬೇಕು. ಹುಡುಕಿದರೂ ಒಂದು ತಪ್ಪು ಸಿಗುತ್ತಿರಲಿಲ್ಲ. ಆದರೆ ಟೈಪು ಮಾಡಿದ್ದನ್ನು ಓದಿ ತಲೆಗೆ ಹಚ್ಚಿಕೊಳ್ಳುವುದು ತನ್ನ ಕೆಲಸವಲ್ಲ ಎಂದು ಅವಳು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಳು.

“ನನ್ನ ಕಣ್ಣಿಂದ ಕೈಗೆ ನೇರ ದಾರಿ ರೀ. ಮಧ್ಯೆ ತಲೆ ಅನ್ನೋ ಸ್ಟಾಪೇ ಇಲ್ಲ,” ಎಂದು ಗಂಡನ ಹತ್ತಿರ ನಗುತ್ತಿದ್ದಳು.

ಸಿಟಿ ಬಸ್ಸು ಓಡಿಸುವ ಅವನು, “ಪುಣ್ಯವಂತೆ. ನನಗೆ ಮೂವತ್ತೆಂಟು ಸ್ಟಾಪು, ಒಂದೊಂದ್ರಲ್ಲೂ ಬೈಗುಳ,” ಎನ್ನುತ್ತಿದ್ದ.

ಒಂದು ಸೋಮವಾರ ಬೆಳಿಗ್ಗೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸೊಬ್ಬಳು ತನ್ನ ಎಂಟು ವರ್ಷದ ಮಗಳನ್ನು ಕರೆದುಕೊಂಡು ಕಚೇರಿಗೆ ಬಂದಳು. ಕೆಲಸದ ನೀಲಿ ಮೇಲಂಗಿಯನ್ನೂ ಬಿಚ್ಚಿರಲಿಲ್ಲ. ಅಧ್ಯಕ್ಷರನ್ನು ನೋಡಬೇಕು ಎಂದಳು. ಅಧ್ಯಕ್ಷರು ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಸೋಮವಾರ ಆಸ್ಪತ್ರೆಗೆ ಹೋಗುವ ಮುಂಚೆ ಒಂದು ಗಂಟೆ ಮಂದಿರದ ಒಳಕೋಣೆಯಲ್ಲಿ ಕೂರುತ್ತಿದ್ದರು. ತಾಯಿ ಒಳಗೆ ಹೋದಳು. ಮಗು ಟೈಪಿಸ್ಟಮ್ಮನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತಿತು. ಬರೆಯಲು ಕೊಟ್ಟ ಹಾಳೆಯಲ್ಲಿ ಏನೂ ಬರೆಯದೆ ಅದನ್ನು ಮಡಚಿ, ಮತ್ತೆ ಮಡಚಿ, ಉಗುರಿನಷ್ಟು ಮಾಡಿ ಮುಷ್ಟಿಯಲ್ಲಿ ಇಟ್ಟುಕೊಂಡಿತು.

ಒಳಕೋಣೆಯ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

“ಸಾರ್, ಹಾಡಿನ ಮಾಸ್ತರು ಕ್ಲಾಸು ಮುಗಿದ ಮೇಲೆ ಇವಳೊಬ್ಬಳನ್ನೇ ಉಳಿಸ್ಕೋತಾರಂತೆ. ಬಾಗಿಲು ಹಾಕ್ಕೋತಾರಂತೆ.” ಆಮೇಲಿನ ಮಾತನ್ನು ತಾಯಿ ಎಷ್ಟು ಮೆಲ್ಲಗೆ ಹೇಳಿದಳೆಂದರೆ ಟೈಪಿಸ್ಟಮ್ಮನಿಗೆ ಕೊನೆಯದಷ್ಟೇ ಕೇಳಿಸಿತು. “ಯಾರಿಗಾದ್ರೂ ಹೇಳಿದ್ರೆ ದೇವರು ಅಮ್ಮನಿಗೆ ಕಾಯಿಲೆ ಕೊಡ್ತಾನೆ ಅಂತ ಹೆದರಿಸಿದ್ದಾರೆ ಸಾರ್. ನನಗೆ ನಿನ್ನೆ ಸ್ವಲ್ಪ ನೆಗಡಿ ಆಯ್ತು. ತನ್ನಿಂದಾನೇ ಆಯ್ತು ಅಂತ ಅತ್ತೂ ಅತ್ತೂ ಆಗ ಬಾಯಿಬಿಟ್ಟಳು.”

ಪಕ್ಕದಲ್ಲಿ ಕೂತ ಮಗುವಿನ ಕಡೆ ತಿರುಗಲು ಟೈಪಿಸ್ಟಮ್ಮನಿಗೆ ಧೈರ್ಯ ಬರಲಿಲ್ಲ.

ಅಧ್ಯಕ್ಷರು ಕೆಟ್ಟವರೇನಲ್ಲ. ಬಡವರ ಹಲ್ಲು ಬಿಟ್ಟಿ ಕಿತ್ತುಕೊಡುವವರು. ಆ ತಾಯಿಗೂ ತಾವೇ ಎದ್ದು ನೀರು ಬಗ್ಗಿಸಿ ಕೊಟ್ಟರು. “ನೀವು ಗಾಬರಿ ಆಗ್ಬೇಡಿ ಅಮ್ಮ. ನಾವು ಮೂರು ಜನ ಹಿರಿಯರು ಕೂತು ವಿಚಾರಿಸ್ತೀವಿ. ಮಾಸ್ತರನ್ನ ಮಕ್ಕಳ ಕ್ಲಾಸಿಂದ ತೆಗೆದು ದೊಡ್ಡವರ ಕ್ಲಾಸಿಗೆ ಹಾಕ್ತೀವಿ. ಅಲ್ಲಿವರೆಗೆ ಹೊರಗೆ ಎಲ್ಲೂ ಮಾತಾಡ್ಬೇಡಿ. ಮಗು ಹೆಸರೂ ಕೆಡುತ್ತೆ, ಮಂದಿರದ ಹೆಸರೂ ಕೆಡುತ್ತೆ.”

ಆಮೇಲೆ ಅವರು ಹೊರಗೆ ಬಂದು ಟೈಪಿಸ್ಟಮ್ಮನ ಕಡೆ ಬಾಗಿದರು. “ಒಪ್ಪಿಗೆ ಪತ್ರ ಒಂದು ಬೇಕು. ಹಳೇದು ಕಂಪ್ಯೂಟರಲ್ಲಿ ಇರ್ಬೇಕಲ್ಲ? ಅದನ್ನೇ ತೆಗೆದು ಹೆಸರು, ತಾರೀಖು ಬದಲಾಯಿಸಿದ್ರೆ ಸಾಕು,” ಎಂದು ಮತ್ತೆ ಒಳಗೆ ಹೋದರು.

ಅವಳು ಹುಡುಕಿದಳು. ಸಿಕ್ಕಿತು. ಆರು ವರ್ಷದ ಹಿಂದಿನದು.

‘ಈ ವಿಷಯವನ್ನು ಮಂದಿರದ ಹಿರಿಯರ ವಿವೇಚನೆಗೆ ಬಿಟ್ಟಿರುತ್ತೇನೆ. ಹೊರಗಿನ ಯಾರಿಗೂ, ಯಾವ ಕಚೇರಿಗೂ ದೂರು ಕೊಡುವುದಿಲ್ಲವೆಂದು ಸ್ವಸಂತೋಷದಿಂದ ಒಪ್ಪಿರುತ್ತೇನೆ.’ ಕೆಳಗೆ ಒಬ್ಬ ನಲ್ಲಿ ರಿಪೇರಿಯವನ ಹೆಸರು. ಮೇಲೆ ಅವನ ಹತ್ತು ವರ್ಷದ ಮಗಳ ಹೆಸರು. ಮಧ್ಯದಲ್ಲಿ ಇದೇ ಹಾಡಿನ ಮಾಸ್ತರ ಹೆಸರು.

ಎಲ್ಲವನ್ನೂ ಟೈಪು ಮಾಡಿದ್ದು ಅವಳೇ. ಆ ಮನೆಯವರು ಸಹಿ ಹಾಕಿ ಎರಡೇ ತಿಂಗಳಲ್ಲಿ ಆ ಬಡಾವಣೆ ಬಿಟ್ಟುಹೋಗಿದ್ದರು. ಯಾಕೆ ಹೋದರೆಂದು ಅವಳು ಕೇಳಿರಲಿಲ್ಲ. ಈಗ ಹೆಸರೊಂದನ್ನು ಅಳಿಸಿ ಆ ಜಾಗದಲ್ಲಿ ಪಕ್ಕದ ಸ್ಟೂಲಿನ ಮೇಲಿದ್ದ ಮಗುವಿನ ಹೆಸರು ತುಂಬಬೇಕಿತ್ತು. ಅಕ್ಷರಗಳ ಲೆಕ್ಕದಲ್ಲಿ ನೋಡಿದರೆ ಅರ್ಧ ನಿಮಿಷದ ಕೆಲಸ.

ಅವಳು ಕೀಲಿಮಣೆಯ ಮೇಲಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಮಗುವಿಗೆ ಕೇಳಿಸಬಾರದೆಂದು ಎದ್ದು ಒಳಕೋಣೆಯ ಬಾಗಿಲಿಗೆ ಹೋಗಿ ಹೇಳಿದಳು:

“ಇದು ನನ್ನ ಕೈಯಲ್ಲಿ ಆಗಲ್ಲ ಸಾರ್.”

“ಯಾಕೆ, ಫೈಲು ಸಿಗ್ಲಿಲ್ವಾ?”

“ಸಿಕ್ತು. ಸಿಕ್ಕಿದ್ದಕ್ಕೇ ಆಗಲ್ಲ ಅಂತಿದೀನಿ.” ಅವಳು ಮಗುವಿನ ಕಡೆ ನೋಡಿ ದನಿ ತಗ್ಗಿಸಿದಳು. “ಇದನ್ನ ಪೊಲೀಸರಿಗೆ ತಿಳಿಸ್ಬೇಕು ಸಾರ್. ಗೊತ್ತಾದ ಮೇಲೆ ತಿಳಿಸಲೇಬೇಕು ಅಂತ ಕಾನೂನೇ ಇದೆ. ಮಕ್ಕಳ ಆಸ್ಪತ್ರೆ ಗೋಡೆ ಮೇಲೆ ನಂಬರ್ ಸಮೇತ ಬರೆದಿದ್ದಾರೆ.”

“ನೋಡಿ, ನಾಳೆ ಇದು ಸುಳ್ಳು ಅಂತಾದ್ರೆ? ಒಬ್ಬ ಮನುಷ್ಯನ ಬಾಳು ಹಾಳಾಗುತ್ತೆ. ಅದನ್ನ ನಾವೇ ಮೊದಲು ಸರಿಯಾಗಿ ತಿಳ್ಕೊಂಡು...”

“ಸುಳ್ಳೋ ನಿಜವೋ ನೋಡೋಕೆ ಕಲಿತವರು ಬೇರೆ ಇದ್ದಾರೆ ಸಾರ್. ಹಲ್ಲುನೋವು ಅಂತ ಬಂದವರ ಬಾಯೊಳಗೆ ನಾನು ಕೈ ಹಾಕ್ತೀನಾ? ನಿಮ್ಮ ಹತ್ತಿರ ಕಳಿಸಲ್ವಾ?”

ಅಧ್ಯಕ್ಷರ ಮುಖ ಕೆಂಪೇರಿತು. “ನಿಮ್ಮ ಕೆಲಸ ಟೈಪು ಮಾಡೋದು.”

“ಹೌದು ಸಾರ್. ಹೋದ ಸಲ ಅಷ್ಟೇ ಮಾಡಿದೆ.”

ತಾಯಿ ಇಬ್ಬರನ್ನೂ ಬಿಟ್ಟಕಣ್ಣು ಬಿಟ್ಟಂತೆ ನೋಡುತ್ತಿದ್ದಳು. “ಹೋದ ಸಲ ಅಂದ್ರೆ ಏನಕ್ಕ?” ಎಂದಳು. ಅಧ್ಯಕ್ಷರು ಮುಖ ಬೇರೆ ಕಡೆ ತಿರುಗಿಸಿದರು. ಅಷ್ಟರಿಂದಲೇ ಅವಳಿಗೆ ಅರ್ಥವಾಯಿತು. ಹಿಡಿದಿದ್ದ ನೀರಿನ ಲೋಟವನ್ನು ಮೇಜಿನ ಮೇಲಿಟ್ಟು, “ಆ ನಂಬರಿಗೆ ಫೋನ್ ಹಚ್ಚಿಕೊಡಿ ಅಕ್ಕ,” ಎಂದಳು.

ಕಾಫಿ ಕಾಯಿಸುವ ಸಣ್ಣ ಕೋಣೆಗೆ ಹೋಗಿ ಇಬ್ಬರೂ ಫೋನ್ ಮಾಡಿದರು. ಮಕ್ಕಳ ರಕ್ಷಣಾ ಅಧಿಕಾರಿ ಎರಡು ಗಂಟೆಯೊಳಗೆ ಬಂದಳು. ಖಾಕಿಯಿಲ್ಲ, ಬೆನ್ನಿಗೆ ಒಂದು ಚೀಲ, ಕಾಲಲ್ಲಿ ಸವೆದ ಬೂಟು. ಬಂದವಳೇ ಸ್ಟೂಲಿನ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮಾಸ್ತರ ಸುದ್ದಿಯನ್ನು ಅಲ್ಲಿ ಎತ್ತಲೇ ಇಲ್ಲ.

“ಪುಟ್ಟಿ, ಅಮ್ಮನಿಗೆ ನೆಗಡಿ ಅಂತೆ?”

ಮಗು ತಲೆ ತಗ್ಗಿಸಿತು.

“ನನಗೂ ಆಗಿದೆ ನೋಡು, ಮೂಗು ಹೇಗೆ ಕೆಂಪಾಗಿದೆ! ನಾನಂತೂ ಮಳೇಲಿ ನೆಂದೆ. ಯಾರ ಮಾತಿಂದಾನೂ ಯಾರಿಗೂ ನೆಗಡಿ ಬರಲ್ಲ. ಬರೋ ಹಾಗಿದ್ರೆ ನಮ್ಮ ಆಫೀಸರು ಬೈದಾಗೆಲ್ಲ ನಾನು ಆಸ್ಪತ್ರೇಲಿ ಇರ್ಬೇಕಿತ್ತು.”

ಮಗು ತಲೆಯೆತ್ತಿ ಅವಳ ಮೂಗನ್ನು ಪರೀಕ್ಷಿಸಿತು. ಆಮೇಲೆ ಅಮ್ಮನ ಮೂಗನ್ನು ನೋಡಿತು. ಹೋಗುವಾಗ ಆ ಅಧಿಕಾರಿಯ ಕಿರುಬೆರಳು ಹಿಡಿದುಕೊಂಡೇ ಮೆಟ್ಟಿಲಿಳಿಯಿತು.

ಸಂಜೆ ಮನೆಯಲ್ಲಿ ಟೈಪಿಸ್ಟಮ್ಮ ಚೀಲ ಬಿಸಾಕಿ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತಳು. ಗಂಡ ಈರುಳ್ಳಿ ಹೆಚ್ಚುತ್ತಿದ್ದ. ಎಲ್ಲವನ್ನೂ ಹೇಳಿದಳು. ಆರು ವರ್ಷದ ಹಿಂದಿನದನ್ನೂ ಬಿಡದೆ ಹೇಳಿದಳು.

“ಆವತ್ತು ನಾನೊಂದು ಮಾತು ಆಡಿದ್ದಿದ್ರೆ ಇವತ್ತು ಈ ಮಗುಗೆ ಹೀಗಾಗ್ತಿರ್ಲಿಲ್ಲ ರೀ.”

ಅವನು ‘ಹಾಗಲ್ಲ ಬಿಡು’ ಎಂದು ಸಮಾಧಾನ ಹೇಳಲಿಲ್ಲ. ಅದಕ್ಕೇ ಅವಳಿಗೆ ಅವನ ಮೇಲೆ ನಂಬಿಕೆ. “ಹೌದು, ಆಡ್ಬೇಕಿತ್ತು,” ಎಂದ. ಇನ್ನೊಂದು ಈರುಳ್ಳಿ ಕೈಗೆತ್ತಿಕೊಂಡು, “ನನ್ನ ಬಸ್ಸಲ್ಲಿ ಯಾರಾದ್ರೂ ಇಳಿಯೋ ಸ್ಟಾಪು ದಾಟಿಬಿಟ್ರೆ ಏನ್ ಮಾಡ್ತೀನಿ ಹೇಳು? ಹಿಂದಕ್ಕಂತೂ ಹೋಗೋಕಾಗಲ್ಲ. ಗಾಡಿ ಅಲ್ಲೇ ನಿಲ್ಲಿಸ್ತೀನಿ. ನೀನೂ ನಿಲ್ಲಿಸಿದೀಯ. ಏಳು, ಕಣ್ಣೊರೆಸ್ಕೋ. ಅಳೋಕೆ ನನಗೆ ಈರುಳ್ಳಿ ಇದೆ, ನಿನಗೇನು ಬಂದಿದೆ?” ಎಂದ.

ಅವಳು ಅಳುತ್ತಲೇ ನಕ್ಕುಬಿಟ್ಟಳು.

ಮರುದಿನ ಬೆಳಿಗ್ಗೆ ಹಿರಿಯ ಗುರುಗಳಿಂದ ಕರೆ ಬಂತು. ಕೆಲಸ ಹೋಯಿತೆಂದುಕೊಂಡೇ ಅವಳು ಮೆಟ್ಟಿಲು ಹತ್ತಿದಳು. ಗುರುಗಳಿಗೆ ಎಂಬತ್ತು ಹತ್ತಿರ. ಕಿವಿ ಮಂದ, ಕೋಪ ಚುರುಕು. ಅಂದು ಕೋಪವಿರಲಿಲ್ಲ. ಕುರ್ಚಿ ತೋರಿಸಿದರು.

“ಸಹಿ ಹಾಕಿಸಿ ಬೀರುವಿನಲ್ಲಿಟ್ಟ ಆ ಹಳೇ ಕಾಗದ ಇನ್ನೂ ಇದೆಯೇನಮ್ಮ?”

“ಇದೆ ಗುರುಗಳೇ.”

“ಅದರ ಕೆಳಗೆ ನನ್ನ ಸಹಿನೂ ಇದೆ ಅಲ್ವಾ?”

“ಇದೆ ಗುರುಗಳೇ.”

“ಆ ನಲ್ಲಿ ರಿಪೇರಿಯವನು ಇಲ್ಲೇ, ನೀನು ಕೂತಿರೋ ಕಡೆ ಕೂತಿದ್ದ. ಕ್ಷಮೆ ದೊಡ್ಡದು ಅಂತ ಅವನಿಗೆ ಉಪದೇಶ ಮಾಡಿ ಕಳಿಸಿದೆ. ಕ್ಷಮಿಸೋಕೆ ನಾನ್ಯಾರು, ಏಟು ಬಿದ್ದಿದ್ದು ನನಗಲ್ಲವಲ್ಲ. ಮಾಸ್ತರು ನನ್ನ ಕಾಲಿಗೆ ಬಿದ್ದು ಅತ್ತ, ನಾನು ಕರಗಿಬಿಟ್ಟೆ. ಆ ಹುಡುಗಿ ಕೂಡ ಅತ್ತಿರಬೇಕು. ಅವಳನ್ನ ಕರೆಸಲೇ ಇಲ್ಲ ನಾನು.” ಗುರುಗಳು ಕೋಲು ಹುಡುಕಿದರು. “ಆ ಫೈಲು ತಗೋ. ಠಾಣೆಗೆ ಹೋಗೋಣ. ಮೆಟ್ಟಿಲು ಇಳಿಯುವಾಗ ಸ್ವಲ್ಪ ಕೈ ಕೊಡು.”

ಮಾಸ್ತರನ್ನು ಅಂದು ಮಧ್ಯಾಹ್ನವೇ ಬಂಧಿಸಿದರು.

ವಾರದ ಪ್ರಾರ್ಥನೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಬರೆದುಕೊಟ್ಟ ಪ್ರವಚನವಿಲ್ಲದೆ ಗುರುಗಳು ಮಾತಾಡಿದ್ದು ಅದೇ ಮೊದಲು. ಮಕ್ಕಳ ಹೆಸರನ್ನಾಗಲಿ ಮನೆಯವರ ಗುರುತನ್ನಾಗಲಿ ಹೇಳಲಿಲ್ಲ. ತಾವು ಮಾಡಿದ್ದನ್ನಷ್ಟೇ ಹೇಳಿದರು. “ಮಂದಿರದ ಮಾನ ಉಳಿಸ್ತೀನಿ ಅಂತ ಒಂದು ಮಗುವಿನ ಮಾತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಇನ್ನು ಮೇಲೆ ಇಂಥ ಮಾತು ಯಾರ ಕಿವಿಗೆ ಬಿದ್ರೂ ನನ್ನ ಹತ್ತಿರ ಬರಬೇಡಿ. ಮೊದಲು ಪೊಲೀಸರಿಗೆ ಹೇಳಿ. ಆಮೇಲೆ ಬಂದು ನನಗೆ ತಿಳಿಸಿ. ಯಾರ ಅಪ್ಪಣೇನೂ ಬೇಡ, ನನ್ನದಂತೂ ಬೇಡವೇ ಬೇಡ.”

ಕೆಲವರು ಎದ್ದು ಹೊರಟುಹೋದರು. ವರ್ಷಗಟ್ಟಲೆ ಟೈಪಿಸ್ಟಮ್ಮನ ಜೊತೆ ಹರಟುತ್ತಿದ್ದ ಇಬ್ಬರು ಹೆಂಗಸರು ಅವಳನ್ನು ಕಂಡರೆ ಮುಖ ತಿರುಗಿಸತೊಡಗಿದರು. ‘ಮನೆ ಮಾತನ್ನ ಬೀದಿಗೆ ತಂದವಳು’ ಎಂಬ ಮಾತು ಅವಳ ಕಿವಿಗೂ ಬಿತ್ತು. ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಅದನ್ನು ಟೈಪು ಮಾಡಲು ಅವಳಿಗೆ ಕೊಡದೆ ಕೈಯಲ್ಲೇ ಬರೆದು ತಂದಿದ್ದರು.

ಆದರೆ ಎದ್ದುಹೋಗದೆ ಕೂತವರೇ ಹೆಚ್ಚು. ಆ ತಿಂಗಳು ಇನ್ನೂ ಎರಡು ಮನೆಯವರು ತಾವಾಗಿ ಅಧಿಕಾರಿಯ ಬಳಿ ಹೋದರು. ನಲ್ಲಿ ರಿಪೇರಿಯವನನ್ನು ಪೊಲೀಸರು ದೂರದ ಊರಿನಲ್ಲಿ ಪತ್ತೆ ಹಚ್ಚಿದರು. ಅವನ ಮಗಳಿಗೆ ಈಗ ಹದಿನಾರು. ಹೇಳಿಕೆ ಕೊಡಲು ಬಂದವಳು ವಾಪಸು ಹೋಗುವ ಮುಂಚೆ ತಾನೇ ಕೇಳಿಕೊಂಡು ಮಂದಿರದ ಕಚೇರಿಗೆ ಬಂದಳು. ಎತ್ತರದ ಹುಡುಗಿ, ನೇರ ನೋಟ.

“ಆ ಕಾಗದ ಟೈಪು ಮಾಡಿದ್ದು ನೀವೇನಾ?”

“ನಾನೇ ಕಣಮ್ಮ.” ಟೈಪಿಸ್ಟಮ್ಮ ಎದ್ದು ನಿಂತಳು. “ತಪ್ಪಾಯ್ತು ಅಂತ ಹೇಳಿದ್ರೆ ಸಾಲಲ್ಲ ಅಂತ ಗೊತ್ತು. ಆದ್ರೂ ಹೇಳ್ತೀನಿ. ತಪ್ಪಾಯ್ತು.”

“ಸಾಲಲ್ಲ,” ಎಂದಳು ಹುಡುಗಿ. ಬಾಗಿಲ ಬಳಿ ಅವಳ ಅಪ್ಪ ಕಾಯುತ್ತಿದ್ದ. ಅವಳು ಹೊರಡಲು ತಿರುಗಿ, ಮತ್ತೆ ನಿಂತಳು. “ಆದ್ರೆ ಆ ಕಾಗದ ಹರಿದು ಹಾಕ್ದೆ ಕೊಟ್ರಲ್ಲ, ಅದು ಒಳ್ಳೇದಾಯ್ತು. ನಾನು ಹೇಳಿದ್ದು ಯಾರೂ ನಂಬಲ್ಲ ಅಂತ ಅಪ್ಪ ಆರು ವರ್ಷದಿಂದ ಹೆದರ್ತಾನೇ ಇದ್ರು. ನಿನ್ನೆ ಠಾಣೇಲಿ ಅದನ್ನ ನೋಡಿದ ಮೇಲೆ ಹೊಟ್ಟೆತುಂಬ ಊಟ ಮಾಡಿದ್ರು.”

ಮೊಕದ್ದಮೆ ಒಂದೂವರೆ ವರ್ಷ ನಡೆಯಿತು. ಮಾಸ್ತರಿಗೆ ಶಿಕ್ಷೆಯಾಯಿತು. ಇಸ್ತ್ರಿಯ ತಾಯಿ ಮಗಳು ಕೆಲವು ಕಾಲ ಮಂದಿರದ ಕಡೆ ಸುಳಿಯಲಿಲ್ಲ. ಯಾರೂ ಯಾಕೆಂದು ಕೇಳಲಿಲ್ಲ. ಮಗು ವಾರಕ್ಕೊಮ್ಮೆ ಒಬ್ಬ ಆಪ್ತಸಲಹೆಗಾರ್ತಿಯ ಬಳಿ ಹೋಗುತ್ತಿತ್ತು, ಈಜು ಕಲಿಯುತ್ತಿತ್ತು, ಶಾಲೆಯಲ್ಲಿ ಜಗಳವಾಡಿ ಬೈಸಿಕೊಳ್ಳುವಷ್ಟು ಗಟ್ಟಿಯಾಗಿತ್ತು. “ನಿನ್ನೆ ಟೀಚರಿಗೇ ಎದುರು ಮಾತಾಡಿದಾಳೆ ಅಕ್ಕ,” ಎಂದು ತಾಯಿ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ದೂರಿನ ಧಾಟಿಯಲ್ಲಿ ಹೇಳಿದಳು. ಕಣ್ಣಲ್ಲಿ ಮಾತ್ರ ಹೆಮ್ಮೆ ತುಳುಕುತ್ತಿತ್ತು.

ಮಂದಿರದ ತರಗತಿ ಕೋಣೆಗಳ ಬಾಗಿಲಿಗೆ ಗಾಜು ಹಾಕಿಸಿದರು. ಮಕ್ಕಳ ಜೊತೆ ದೊಡ್ಡವರು ಯಾವಾಗಲೂ ಇಬ್ಬರಿರಬೇಕೆಂದು ನಿಯಮವಾಯಿತು. ವರ್ಷಕ್ಕೊಮ್ಮೆ ಆ ಕೆಂಪು ಮೂಗಿನ ಅಧಿಕಾರಿಯೇ ಬಂದು ಎಲ್ಲರಿಗೂ ಪಾಠ ಮಾಡುತ್ತಿದ್ದಳು. ಮೊದಲ ವರ್ಷದ ಪಾಠಕ್ಕೆ ಹಿರಿಯ ಗುರುಗಳು ಮುಂದಿನ ಸಾಲಲ್ಲಿ ಕೂತು, ಕಿವಿಗೆ ಕೈ ಹಿಡಿದು, “ಇನ್ನೊಂದ್ಸಲ ಹೇಳಮ್ಮ,” ಎಂದು ಮೂರು ಸಲ ಹೇಳಿಸಿದರು. ಮಾಜಿ ಅಧ್ಯಕ್ಷರು ಕೊನೆಯ ಸಾಲಲ್ಲಿ ಯಾರಿಗೂ ಕಾಣದಂತೆ ಬಂದು ಕೂತಿದ್ದರು. ಹೋಗುವಾಗ ಟೈಪಿಸ್ಟಮ್ಮನ ಮೇಜಿನ ಹತ್ತಿರ ನಿಂತು, “ನಮ್ಮ ಆಸ್ಪತ್ರೆ ಗೋಡೆಗೂ ಒಂದು ಹಾಕ್ಬೇಕು. ಆ ನಂಬರಿನ ಹಾಳೆ ಒಂದು ಕೊಡ್ತೀರಾ?” ಎಂದರು. ಅವಳು ಎರಡು ಕೊಟ್ಟಳು.

ಒಂದು ದಿನ ಮಧ್ಯಾಹ್ನ ಊಟದ ಡಬ್ಬಿ ತೆಗೆಯುವಷ್ಟರಲ್ಲಿ ಕಚೇರಿಗೆ ಒಂದು ಫೋನು ಬಂತು. ಹೆಂಗಸಿನ ದನಿ, ಗೊತ್ತಿಲ್ಲದ್ದು. ಯಾವುದೋ ಬೇರೆ ಊರಿನ, ಬೇರೆ ಪಂಥದ ಒಂದು ಆಶ್ರಮದಲ್ಲಿ ತಾನು ಗುಮಾಸ್ತೆ ಎಂದಳು.

“ನಿಮ್ಮ ಸುದ್ದಿ ಪೇಪರಲ್ಲಿ ಓದಿದ್ದೆ ಮೇಡಂ. ನನ್ನ ಮುಂದೆ ಒಂದು ಕಾಗದ ಇದೆ. ಟೈಪು ಮಾಡಿ ಅಂದಿದ್ದಾರೆ. ಒಂದು ಹುಡುಗನ ವಿಷಯ. ನನಗೆ ಕೈಕಾಲೇ ಆಡ್ತಿಲ್ಲ.”

ಟೈಪಿಸ್ಟಮ್ಮ ಡಬ್ಬಿಯನ್ನು ಆಚೆ ತಳ್ಳಿ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡಳು.

“ಗಾಬರಿ ಆಗ್ಬೇಡ ತಂಗಿ, ನಾನಿದ್ದೀನಿ. ಮೊದಲು ಆ ಹುಡುಗ ಈಗ ಎಲ್ಲಿದ್ದಾನೆ, ಯಾರ ಜೊತೆ ಇದ್ದಾನೆ ಹೇಳು. ಆಮೇಲೆ ಒಂದು ನಂಬರ್ ಕೊಡ್ತೀನಿ, ಬರ್ಕೋ. ಪೆನ್ನು ಇದೆಯಾ?”

“ಇದೆ,” ಎಂದಿತು ಆಚೆಯ ದನಿ.